ಮುಂದಿನ ಸೀಟಿನಿಂದ ಕಂಡ ತಿಮಿಂಗಿಲ

ತಿಮಿಂಗಿಲವನ್ನು ಮೊದಲು ಕಂಡವಳು ನಾನು. ನನ್ನ ಮಗಳ ಅತ್ತೆ, ಅಂದರೆ ನನ್ನ ಬೀಗತಿ, ತಾವೇ ಮೊದಲು ಕಂಡದ್ದೆಂದು ಸುರಪುರದ ತಮ್ಮ ಓಣಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದಾರೆ. ಈಚೆಗೆ ಶಹಾಪುರದ ಬಸ್ ನಿಲ್ದಾಣದಲ್ಲಿ ನನಗೆ ಗುರುತೇ ಇಲ್ಲದ ಹೆಂಗಸೊಬ್ಬಳು ಹತ್ತಿರ ಬಂದು, "ನಿಮ್ಮ ಬೀಗತಿ ಇಮಾನದಾಗ ಕುಂತು ಮನಿಯಷ್ಟು ದೊಡ್ಡ ಮೀನ ನೋಡ್ಯಾರಂತಲ್ರಿ, ನೀವೂ ಇದ್ರೇನು?" ಎಂದು ಕೇಳಿದಳು. "ಇದ್ದೆ" ಎಂದೆ. ಅಷ್ಟೇ ಹೇಳಲು ಬಂತು. ನಾಲ್ಕು ಜನರೆದುರು ನನ್ನ ನಾಲಿಗೆ ಏಳುವುದಿಲ್ಲ, ಅದು ನಿಮಗೂ ಗೊತ್ತು. ಬರೆಯಲು ಮಾತ್ರ ನನಗೆ ಅಂಜಿಕೆಯಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇದಕ್ಕಾದರೂ ಉಪಯೋಗಕ್ಕೆ ಬರಲಿ. ಮೊಮ್ಮಕ್ಕಳಾದ ನೀವು ಆ ದಿನ ನಡೆದದ್ದನ್ನು ನನ್ನಿಂದಲೇ ತಿಳಿಯಬೇಕು.

ತಿಮಿಂಗಿಲ ನೋಡುವ ಆಸೆ ನನ್ನದು, ಬೀಗತಿಯದಲ್ಲ. ನನ್ನ ತವರು ತಿಂಥಣಿ. ಅಪ್ಪ ಕೃಷ್ಣೆಯಲ್ಲಿ ಹರಗೋಲು ಹಾಕಿ ಮೀನು ಹಿಡಿಯುತ್ತಿದ್ದ. ಶಾಲೆಯ ಪುಸ್ತಕದಲ್ಲಿ ಪುಟದ ತುಂಬ ಒಂದು ತಿಮಿಂಗಿಲದ ಚಿತ್ರವಿತ್ತು. ಅದರ ತಲೆಯಿಂದ ನೀರು ಚಿಮ್ಮುತ್ತಿತ್ತು. ಅದನ್ನು ಅಪ್ಪನಿಗೆ ತೋರಿಸಿ, ನಮ್ಮ ಹೊಳೆಯಲ್ಲಿ ಇದು ಸಿಗುತ್ತದೆಯೇ ಎಂದು ಕೇಳಿದೆ.

"ಸಿಕ್ಕರ ಅದು ನನ್ನ ಹಿಡೀತದ, ನಾ ಅದನ್ನ ಹಿಡ್ಯಂಗಿಲ್ಲ" ಎಂದು ಅಪ್ಪ ನಕ್ಕ.

"ನೋಡಾಕಾದ್ರೂ ಸಿಗ್ತದೇನು?"

"ಸಮುದ್ರದ ದಂಡಿಗೆ ಕೊಟ್ಟು ಮದಿವಿ ಮಾಡ್ತೀನಿ ತೊಗೋ. ದಿನಾ ನೋಡ್ಕೋತ ಕುಂದ್ರು."

ಕೊಟ್ಟದ್ದು ಗೋಗಿಯ ಹತ್ತಿರ, ಕುರಿ ಸಾಕುವ ಮನೆಗೆ. ಅಲ್ಲಿ ಹೊಳೆಯೂ ಇರಲಿಲ್ಲ. ಚಿತ್ರ ಮಾತ್ರ ನನ್ನ ತಲೆಯಲ್ಲಿ ಹಾಗೇ ಉಳಿಯಿತು. ಯಾರಿಗೂ ಹೇಳಲಿಲ್ಲ. ಹೇಳುವಂಥ ಆಸೆಯೇ ಅದು?

ಮಗಳು ಕಲಬುರಗಿಯಲ್ಲಿ ನರ್ಸಿಂಗ್ ಕಲಿತು ನ್ಯೂಜಿಲೆಂಡಿನ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಅವಳು ಆ ದೇಶಕ್ಕೆ ಮೊದಲ ಸಲ ಹೊರಟ ದಿನವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ನಿಮ್ಮ ಅಜ್ಜ ತೀರಿಕೊಂಡು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಗಂಡ ಸತ್ತವಳು ಊರಿಗೆ ಹೊರಟವರ ಎದುರಿಗೆ ಬರಬಾರದೆಂಬುದು ನಮ್ಮಲ್ಲಿಯ ಪದ್ಧತಿ. ಬಂದರೆ ಹೊರಟವರು ಮರಳಿ ಒಳಗೆ ಹೋಗಿ, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ನನ್ನನ್ನು ಯಾರೂ ಬೈದು ಒಳಗೆ ಕಳಿಸಲಿಲ್ಲ. ಯಾರಾದರೂ ಹೊರಡುವ ಹೊತ್ತಿಗೆ ಸರಿಯಾಗಿ ಒಳಗೆ ನನಗೊಂದು ಕೆಲಸ ಹುಟ್ಟುತ್ತಿತ್ತು, ಅಷ್ಟೇ. ಅವತ್ತು ಜೀಪು ಬಾಗಿಲಿಗೆ ಬಂದಾಗ ಯಾರೋ, "ಒಲಿ ಮ್ಯಾಲ ಹಾಲ ಅದ, ನೋಡ್ಹೋಗವ್ವ" ಎಂದರು. ಹೋದೆ. ಒಲೆ ಆರಿತ್ತು. ಹಾಲೂ ಇರಲಿಲ್ಲ. ಆರಿದ ಒಲೆಯ ಮುಂದೆ ಕೂತು, ಜೀಪಿನ ಸದ್ದು ಊರ ಹೊರಗೆ ಹೋಗುವವರೆಗೂ ಕೇಳಿದೆ. ಹೊರಡುವಾಗ ಮಗಳ ಮುಖ ಹೇಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳ ಎರಡನೆಯ ಬಾಣಂತನಕ್ಕೆ ನಾನೂ ಬೀಗತಿಯೂ ಕೂಡಿಯೇ ಹೋದೆವು. ಕೂಸಿಗೆ ಎರೆದು ಲೋಬಾನದ ಹೊಗೆ ಹಿಡಿದರೆ ಮಾಳಿಗೆಗೆ ಅಂಟಿಸಿದ್ದ ಗಂಟೆಯೊಂದು ಚೀರಿಕೊಳ್ಳುತ್ತಿತ್ತು. "ಈ ದೇಶದಾಗ ಮಾಳಿಗಿ ಸುದಾ ಕೂಸಿನ ಸಂಗಾಟ ಅಳ್ತದ ನೋಡ್ರಿ" ಎಂದು ಬೀಗತಿ ನಗಿಸುತ್ತಿದ್ದರು. ಅವರು ಕೆಟ್ಟವರಲ್ಲ. ಮಗಳಿಗೆ ಖಾರ ಕಡಿಮೆ ಮಾಡಿ ಅಡುಗೆ ಮಾಡುತ್ತ, ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತ, ಮನೆಯೆಲ್ಲ ಮಾತಿನಿಂದ ತುಂಬಿದ್ದರು. ಅದನ್ನೂ ಬರೆಯದಿದ್ದರೆ ಸರಿಯಲ್ಲ.

ಊರಿಗೆ ಮರಳುವ ದಿನ ಹತ್ತಿರ ಬಂದಾಗ ಅಳಿಯ ಅಡುಗೆ ಮನೆಯಲ್ಲಿ ಕೇಳಿದ: "ಅತ್ತಿ, ಇಷ್ಟ ದೂರ ಬಂದೀರಿ. ಏನರ ನೋಡ್ಬೇಕಂತ ಮನಸ್ಸಿನಾಗ ಅದೇನು?" ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ "ತಿಮಿಂಗಿಲ" ಎಂದೆ. ಅವನು ಮತ್ತೊಮ್ಮೆ ಹೇಳಿಸಿದ. ಸ್ವಲ್ಪ ದೂರದ ಕಡಲ ಊರೊಂದರಲ್ಲಿ ತಿಮಿಂಗಿಲಗಳು ದಂಡೆಯ ಹತ್ತಿರವೇ ಬರುತ್ತವಂತೆ. ದೋಣಿಯಲ್ಲಿ ಹೋದರೆ ಹೊಟ್ಟೆ ತೊಳಸುತ್ತದೆಂದು ಬೀಗತಿ ಹಟ ಹಿಡಿದರು. ಅದಕ್ಕೆ ಅಳಿಯ ಸಣ್ಣ ವಿಮಾನದಲ್ಲಿ ಸೀಟು ಹಿಡಿದ. ಅವನು ಮಕ್ಕಳನ್ನು ಕೆಳಗೆ ನೋಡಿಕೊಳ್ಳುವುದು, ನಾವು ಮೂವರು ಹೆಂಗಸರು ಮೇಲೆ ಹೋಗುವುದು ಎಂದಾಯಿತು.

ವಿಮಾನ ಎಂದರೆ ನಮ್ಮ ಕಡೆಯ ಟಂಟಂ ಆಟೋಕ್ಕೆ ರೆಕ್ಕೆ ಹಚ್ಚಿದಷ್ಟಿತ್ತು. ಮುಂದೆ ಇಬ್ಬರು, ಹಿಂದೆ ಇಬ್ಬರು. ಓಡಿಸುವವಳು ಕೂದಲು ಕತ್ತರಿಸಿದ, ಬಿಸಿಲಿಗೆ ಕೆಂಪಾದ ಹೆಂಗಸು. ಆಕೆ ಮೊದಲು ನಮ್ಮನ್ನು ಒಬ್ಬೊಬ್ಬರನ್ನೇ ಶೆಡ್ಡಿನಲ್ಲಿದ್ದ ತಕ್ಕಡಿಯ ಮೇಲೆ ನಿಲ್ಲಿಸಿದಳು. ನಮ್ಮಲ್ಲಿ ತೊಗರಿ ತೂಗುತ್ತಾರೆ, ಹತ್ತಿ ತೂಗುತ್ತಾರೆ, ಸಂತೆಯಲ್ಲಿ ಕುರಿ ತೂಗುತ್ತಾರೆ. ಹೆಂಗಸರನ್ನು ತೂಗುವುದಿಲ್ಲ. ನನಗೆ ನೆಲ ಸೀಳಿ ಒಳಗೆ ಹೋಗುವಷ್ಟು ನಾಚಿಕೆಯಾಯಿತು. ನಾನು ಅಗಲ ಮೈಯವಳು. ಬೀಗತಿ ಹತ್ತಿ ಕಟ್ಟಿಗೆಯ ಹಾಗೆ ಸಣ್ಣಗಿದ್ದಾರೆ. ಮಗಳೂ ಅತ್ತೆಯ ಮನೆಯ ಮೈಯನ್ನೇ ಮಾಡಿಕೊಂಡಿದ್ದಾಳೆ.

ತೂಗಿದ ಮೇಲೆ ಆಕೆ ನನ್ನ ಮೊಣಕೈ ಹಿಡಿದು ಮುಂದಿನ ಸೀಟಿನ ಕಡೆಗೆ ನಡೆಸಿದಳು. ಬೀಗತಿ ಆಗ ಹಿಂದಿನ ಬಾಗಿಲಲ್ಲಿ ಒಂದು ಕಾಲು ಮೇಲಿಟ್ಟಿದ್ದರು. ನಾನು ಅವರ ಎದುರಿಗೇ ಹಾದೆ.

"ಇಳೀರಿ, ಇಳೀರಿ. ಎಲ್ಲಾರೂ ಇತ್ತಾಗ ಬರ್ರಿ!" ಎಂದು ಬೀಗತಿ ಕಾಲು ಕೆಳಗಿಟ್ಟರು. "ಮತ್ತ ಹೊಸದಾಗಿ ಹೊರಡೂಣು."

"ಅತ್ತಿ, ಇದು ಬಸ್ಸಲ್ಲ" ಎಂದಳು ಮಗಳು.

"ಬಸ್ಸಾದ್ರ ನಾ ಯಾಕ ಫಿಕರ್ ಮಾಡ್ಲಿ? ಬಸ್ಸು ನೆಲದ ಮ್ಯಾಲ ಇರ್ತದ."

ಎಲ್ಲರೂ ಮರಳಿ ಶೆಡ್ಡಿಗೆ ಹೋಗಿ ಬೆಂಚಿನ ಮೇಲೆ ಕೂತೆವು. ಬೀಗತಿ ಚೀಲದಿಂದ ಬಾಟಲಿ ತೆಗೆದು ಎಲ್ಲರಿಗೂ ಒಂದೊಂದು ಗುಟುಕು ನೀರು ಕುಡಿಸಿದರು. ಏನಾಯಿತೆಂದು ವಿಮಾನದವಳು ಕೇಳಿದಾಗ ಮಗಳು ನೀರಡಿಕೆಯೆಂದಳು. ಅಯ್ಯೋ ಪಾಪ, ಆಕೆಯೂ ತನ್ನ ಬಾಟಲಿ ತೆಗೆದು ನಮ್ಮ ಜೊತೆ ಕೂತು ಕುಡಿದಳು. ನನಗೆ ನಗು ಬಂತು. ಸೆರಗು ಬಾಯಿಗೆ ಹಿಡಿದೆ.

ಎದ್ದ ಕೂಡಲೇ ಬೀಗತಿ ಎಲ್ಲರಿಗಿಂತ ಮುಂದೆ ಓಡಿಹೋಗಿ ಮುಂದಿನ ಸೀಟಿನಲ್ಲಿ ಕೂತು ಪಟ್ಟಿಯನ್ನು ಎದೆಗೆ ಎಳೆದುಕೊಂಡರು. ವಿಮಾನದವಳು ತಲೆಯಾಡಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು.

"ಭಾರ ಇದ್ದವರು ಮುಂದ ಕುಂದ್ರಬೇಕಂತ ಅತ್ತಿ. ಹಿಂದ ಭಾರ ಆದ್ರ ಮೂಗು ಮ್ಯಾಲ ಏಳ್ತದಂತ. ಹಾರ್ಸಂಗಿಲ್ಲ ಅಂತಾಳ" ಎಂದಳು ಮಗಳು.

ಬೀಗತಿ ನನ್ನ ಕಡೆಗೆ ತಿರುಗಿ ಬಹಳ ಮೆತ್ತಗೆ ಹೇಳಿದರು: "ಬೀಗತಿ, ತಪ್ಪ ತಿಳ್ಕೋಬ್ಯಾಡ್ರಿ. ನಿಮಗಂತ ಅನ್ನಂಗಿಲ್ಲ ನಾ, ಪದ್ಧತಿ ಮಾತು. ಗಂಡ ಇಲ್ಲದಾಕಿನ ಮುಂದ ಕುಂದ್ರಿಸ್ಕೊಂಡು ನಮ್ಮೂರಾಗ ಬಂಡಿ ಸುದಾ ಹೂಡಂಗಿಲ್ಲ, ಇದು ಆಕಾಶ. ನೀವು ಇಲ್ಲೇ ಇರ್ರಿ. ನಾವಿಬ್ರು ಹೋಗಿ ಬಂದು ಹೆಂಗಿತ್ತಂತ ಹೇಳ್ತೀವಿ. ಅಲ್ನೋಡ್ರಿ, ಕೂಸೂ ಅಳಾಕತ್ತದ, ನೋಡ್ಹೋಗ್ರಿ."

ನಾನು ತಿರುಗಿ ನೋಡಿದೆ. ಶೆಡ್ಡಿನ ನೆರಳಿನಲ್ಲಿ ಅಳಿಯನ ಹೆಗಲ ಮೇಲೆ ಕೂಸು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಮಗಳು ನನ್ನನ್ನೂ ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ಅವಳಿಗೆ ಇಬ್ಬರ ಜೊತೆಗೂ ಬಾಳಬೇಕು. ಅಭ್ಯಾಸದಿಂದ ನನ್ನ ಕಾಲು ಶೆಡ್ಡಿನ ಕಡೆಗೆ ಆಗಲೇ ಹೊರಟಿತ್ತು. ಎರಡು ಹೆಜ್ಜೆ ಹೋಗಿಯೂ ಇದ್ದೆ. ಆ ಹೆಜ್ಜೆಯಲ್ಲೇ ನನಗೆ ಆರಿದ ಒಲೆಯ ಬೂದಿಯ ವಾಸನೆ ಬಂತೆಂದರೆ ನೀವು ನಂಬಬೇಕು. ನಿಂತುಬಿಟ್ಟೆ.

"ಕೂಸು ಮಲಗ್ಯದ" ಎಂದೆ. "ಒಲಿ ಮ್ಯಾಲ ಹಾಲೂ ಇಲ್ಲ."

ಹಾಲಿನ ಮಾತು ಬೀಗತಿಗೆ ತಿಳಿಯಲಿಲ್ಲ. ಮಗಳು ಮಾತ್ರ ತಲೆಯೆತ್ತಿ ನೋಡಿದಳು.

"ಯಾವ ಹಾಲ್ರಿ?" ಎಂದರು ಬೀಗತಿ.

"ಮುಂದ ನಾ ಕುಂದ್ರತೀನ್ರಿ ಬೀಗತಿ. ನನ್ನ ಮಾರಿ ಕಂಡು ಇಮಾನ ಬೀಳ್ತದಂತ ನಿಮಗ ಖರೇ ಅನಿಸಿದ್ರ ನೀವು ಇಳೀರಿ. ಕೂಸು ಎದ್ರ ನೀವ ನೋಡ್ಕೋರಿ. ನಾ ಹೋಗಿ ಬಂದು ಹೆಂಗಿತ್ತಂತ ಹೇಳ್ತೀನಿ."

ಹೇಳುವಾಗ ಒಂದು ಮಾತೂ ನುಂಗಲಿಲ್ಲ. ವಿಮಾನದವಳಿಗೆ ಕನ್ನಡ ಬಾರದು. ಆದರೂ ಆಕೆ ಬೀಗತಿಯ ಪಟ್ಟಿ ಬಿಚ್ಚಿ ಕೈ ನೀಡಿದಳು. ಬೀಗತಿ ಇಳಿದರು. "ಎಲಾ ಇವರ! ಇಷ್ಟು ದಿನ ಈ ಬಾಯಿ ಎಲ್ಲಿಟ್ಟಿದ್ರಿ?" ಎಂದು ಗೊಣಗಿದರು. ಶೆಡ್ಡಿನ ಕಡೆ ಒಮ್ಮೆ, ವಿಮಾನದ ಕಡೆ ಒಮ್ಮೆ ನೋಡಿ, ಹಿಂದಿನ ಬಾಗಿಲಿನಿಂದ ಹತ್ತಿ ಕೂತರು. ನನ್ನನ್ನು ಬಿಟ್ಟು ಹೋಗಲು ಅವರಿಗೆ ಬರುತ್ತಿತ್ತು. ಆದರೆ ತಿಮಿಂಗಿಲವನ್ನು ಬಿಟ್ಟು ಕೆಳಗೆ ಕೂಡಲು ಅವರಿಗೂ ಮನಸ್ಸಾಗಲಿಲ್ಲ.

ಮುಂದಿನ ಸೀಟಿನಲ್ಲಿ ಕೂತರೆ ಎದುರಿಗೆ ಯಾರ ಬೆನ್ನೂ ಇರುವುದಿಲ್ಲ. ನನ್ನ ವಯಸ್ಸಿಗೆ ಅದು ಹೊಸದು. ಎತ್ತಿನ ಬಂಡಿಯಲ್ಲಿ, ಟಂಪೋದಲ್ಲಿ, ಮದುವೆಯ ಬಸ್ಸಿನಲ್ಲಿ ನಾನು ಯಾವಾಗಲೂ ಯಾರದಾದರೂ ಬೆನ್ನು ನೋಡಿಕೊಂಡು ಹೋದವಳು. ಇಲ್ಲಿ ಗಾಜು, ಗಾಜಿನಾಚೆ ಬರೀ ಬಯಲು. ಒಂದು ಕಡೆ ಹಿಮದ ಬೆಟ್ಟಗಳು ಸೀದಾ ಕಡಲಿಗೆ ಇಳಿದಿದ್ದವು. ಕೆಳಗಿನ ನೀರಿಗೆ ಆಚೆ ದಂಡೆಯೇ ಇರಲಿಲ್ಲ. ನಮ್ಮೆಲ್ಲರ ಕಿವಿಗೆ ಮಾತು ಕೇಳುವ ಯಂತ್ರ ಹಾಕಿದ್ದರು, ಹೀಗಾಗಿ ಬೀಗತಿಯ ಶಿವನಾಮ ವಿಮಾನದವಳಿಗೂ ಕೇಳುತ್ತಿತ್ತು. ಒಂದು ಸಲ ವಿಮಾನ ಧಡಕ್ಕನೆ ಕೆಳಗಿಳಿದು ಮೇಲೆದ್ದಿತು.

"ನಾ ಹೇಳಿರಲಿಲ್ಲಾ!" ಎಂದರು ಬೀಗತಿ.

"ಗಾಳಿ ಅದ್ರಿ. ಗೋಗಿ ರಸ್ತಾದಾಗ ತಗ್ಗು ಬರಂಗಿಲ್ಲೇನು, ಹಂಗ."

ಹಾಗೆಂದೆನೇ ಹೊರತು ನನ್ನ ಕೈಗಳು ಸೀಟನ್ನು ಬಿಗಿಯಾಗಿ ಹಿಡಿದಿದ್ದವು. ಬಿದ್ದರೆ ಗಾಳಿಯಿಂದ ಬೀಳುತ್ತೇವೆ, ಇಲ್ಲವೇ ಯಂತ್ರ ಕೆಟ್ಟು ಬೀಳುತ್ತೇವೆ, ನನ್ನಿಂದ ಬೀಳುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅಂಜಿಕೆ ಹೋಗಲಿಲ್ಲ. ನಾಚಿಕೆ ಹೋಯಿತು.

ಆಗ ಬಲಗಡೆ, ದೂರದಲ್ಲಿ, ನೀರಿನ ಮೇಲೆ ಬಿಳಿಯ ಉಸಿರೊಂದು ಎದ್ದು ಗಾಳಿಗೆ ವಾರೆಯಾಯಿತು. ವಿಮಾನದವಳ ತೋಳಿಗೆ ಬಡಿದು ಬೆರಳು ತೋರಿಸಿದೆ. ಆಕೆ ಏನೋ ಕೂಗಿ ವಿಮಾನವನ್ನು ನನ್ನ ಕಡೆಗೇ ವಾಲಿಸಿದಳು. ನನ್ನ ಪಕ್ಕದ ಗಾಜಿನ ಕೆಳಗೆ ಈಗ ಬರೀ ಕಡಲು. ಅದರೊಳಗೆ ಅದು.

ಶಹಾಪುರದ ಗುಡ್ಡ ಮನುಷ್ಯನ ಹಾಗೆ ಆಕಾಶ ನೋಡುತ್ತ ಮಲಗಿದೆಯಲ್ಲ, ಆ ಗುಡ್ಡ ನೀರಿಗಿಳಿದು ಬೋರಲು ಮಲಗಿ ಉಸಿರಾಡಿದರೆ ಹೇಗೋ ಹಾಗಿತ್ತು. ಅವಸರವಿಲ್ಲ. ತಿಂಥಣಿಯ ಹೊಳೆಯಲ್ಲಿ ಎಮ್ಮೆಯ ಬೆನ್ನು ಮೇಲೆ ಕಾಣುವ ಹಾಗೆ ಅದರ ಬೆನ್ನು ಮಿಂಚುತ್ತಿತ್ತು, ಉಳಿದ ಮೈಯೆಲ್ಲ ನೀರಿನೊಳಗೆ ನೆರಳಾಗಿ ಚಾಚಿತ್ತು. ಪುಸ್ತಕದ ಚಿತ್ರದಲ್ಲಿ ಅದು ನಗುತ್ತಿತ್ತು. ಇದು ನಗುತ್ತಿರಲಿಲ್ಲ. ಇದಕ್ಕೆ ನಮ್ಮ ಗೊಡವೆಯೇ ಇರಲಿಲ್ಲ. ಮೇಲೆ ಮುತ್ತೈದೆ ಬಂದಳೋ ನನ್ನಂಥವಳು ಬಂದಳೋ ಎಂದು ನೋಡಲಿಲ್ಲ, ಮರಳಿ ಹೋಗಿ ನೀರು ಕುಡಿದು ಬರಲಿಲ್ಲ. ನಾನು ಎದುರಿಗೇ ಇದ್ದೆ, ಅದು ತನ್ನ ದಾರಿ ಹಿಡಿದಿತ್ತು.

ಹಿಂದೆ ತಿರುಗಿದೆ. ಮಗಳ ಕಣ್ಣು ಒದ್ದೆಯಾಗಿತ್ತು. ಬೀಗತಿ ಎರಡೂ ಕೈಯಲ್ಲಿ ತಾಳಿ ಹಿಡಿದುಕೊಂಡು ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು.

"ಬೀಗತಿ, ಕಣ್ಣ ತೆಗೀರಿ."

"ಇಳದ ಮ್ಯಾಲ ತೆಗೀತೀನಿ."

"ಇಳದ ಮ್ಯಾಲ ಅದು ಇರಂಗಿಲ್ರಿ. ಜಲ್ದಿ!"

ಅವರು ಒಂದೇ ಕಣ್ಣು ತೆರೆದರು. ಅದೇ ಹೊತ್ತಿಗೆ ತಿಮಿಂಗಿಲ ಬೆನ್ನು ಬಾಗಿಸಿ ಬಾಲವನ್ನು ಇಡಿಯಾಗಿ ಮೇಲೆತ್ತಿತು. ನೀರು ಬಾಲದ ಅಂಚಿನಿಂದ ಸುರಿಯಿತು. ಆಮೇಲೆ ಸದ್ದಿಲ್ಲದೆ ಒಳಗೆ ಇಳಿದುಹೋಯಿತು.

"ಯಪ್ಪಾ ಶಿವನೇ! ಕಂಡ್ತು, ಕಂಡ್ತು! ಬೀಗತಿ, ನೀವು ಕಂಡ್ರೇನು? ಅಲ್ಲಿ, ಅಲ್ಲಿ!"

ಸುರಪುರದಲ್ಲಿ ಹಬ್ಬಿರುವ ಸುದ್ದಿ ಹುಟ್ಟಿದ್ದು ಇಲ್ಲಿ.

ಕೆಳಗಿಳಿದ ಮೇಲೆ ಬೀಗತಿ ನೆಲ ಮುಟ್ಟಿ ನಮಸ್ಕಾರ ಮಾಡಿ, "ಮುತ್ತೈದಿ ನಾ ಹಿಂದ ಕುಂತಿದ್ದಕ್ಕ ಪಾರಾದ್ವಿ" ಎಂದರು.

"ಹಂಗಾದ್ರ ಇನ್ನ ಮ್ಯಾಲ ಎಲ್ಲಾ ಕಡಿ ನೀವು ಹಿಂದ ಕುಂದ್ರರಿ" ಎಂದೆ. ಮಗಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ.

ಊರಿಗೆ ಬಂದ ಮೇಲೆ, ಇಲ್ಲಿ ನನ್ನ ಮಗನ ಮಗಳು, ನಿಮ್ಮೆಲ್ಲರಿಗೂ ಹಿರಿಯವಳು, ಯಾದಗಿರಿಯ ಹಾಸ್ಟೆಲಿಗೆ ಹೊರಟಳು. ಎದುರು ಮನೆಯ ಮುದುಕಿ ಕಟ್ಟೆಯ ಮೇಲಿಂದಲೇ, "ಹುಡುಗಿ ಹೊಂಟಾಳ, ಒಳಗ ಹೋಗವಾ ನೀ" ಎಂದಳು. ನಾನು ಹೊಸ್ತಿಲ ಮುಂದೆ, ಬೀದಿಗೆ ಮುಖ ಮಾಡಿ ನಿಂತೆ. ಹುಡುಗಿ ಕಾಲಿಗೆ ಬಿದ್ದು, ಚೀಲ ಹೆಗಲಿಗೇರಿಸಿ ಹೋದಳು. ತಿರುವಿನಲ್ಲಿ ಹಿಂದೆ ನೋಡಿ ಕೈಬೀಸಿದಳು. ಅವಳ ಮುಖ ಕಂಡೆ.

ಮುದನಾಳದ ಹತ್ತಿರ ಅವಳ ಬಸ್ಸು ಪಂಕ್ಚರ್ ಆಯಿತು. ಸುದ್ದಿ ನನಗಿಂತ ಮೊದಲು ಎದುರು ಮನೆಗೆ ಮುಟ್ಟಿತು.

"ನೋಡಿದ್ಯಾ? ನಾ ಅಂದಿದ್ದೆ" ಎಂದಳು ಮುದುಕಿ.

"ಗಾಲಿಗೆ ಮೊಳಿ ಚುಚ್ಚ್ಯದ. ಆ ಮೊಳಿ ನನ್ನ ಮಾರಿ ಎಲ್ಲಿ ನೋಡಿತ್ತು?" ಎಂದೆ.

ಓಣಿಯಲ್ಲಿ ಇವತ್ತಿಗೂ ಆ ಪಂಕ್ಚರ್ ನನ್ನ ಹೆಸರಿನಲ್ಲೇ ಇದೆ. ಇರಲಿ. ಮುಂದಿನ ಸಲ ಹುಡುಗಿ ರಜೆ ಮುಗಿಸಿ ಹೊರಡುವಾಗ ನಾನು ಹಿತ್ತಲಿನಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದೆ. ಅದು ಖರೇ ಕೆಲಸವೇ, ಯಾರೂ ಹಚ್ಚಿದ್ದಲ್ಲ. ಬಾಗಿಲಿನಿಂದ ಅವಳ ದನಿ ಓಣಿಗೆಲ್ಲ ಕೇಳುವ ಹಾಗೆ ಬಂತು:

"ಆಯಿ, ಹೊರಗ ಬಾ. ನೀ ಎದುರಿಗೆ ಬರೂತನಕ ನಾ ಹೋಗಂಗಿಲ್ಲ."

ಕೈಯಲ್ಲಿ ಸೊಪ್ಪು ಇದ್ದಂತೆಯೇ ಬಂದೆ. ಎದುರು ಮನೆಯ ಕಟ್ಟೆಯ ಕಡೆ ಒಮ್ಮೆ ನೋಡಿ, ನಡು ಬೀದಿಯಲ್ಲಿ ನಿಂತುಕೊಂಡೆ.