ಈ ವರ್ಷ ಒಂದೇ ಪುಟ

ನಮ್ಮಕ್ಕನಿಗೆ ಓದುವ ಹುಚ್ಚು. ಔಷಧಿ ಅಂಗಡಿಯ ಗಲ್ಲಾದ ಪಕ್ಕ ಯಾವಾಗಲೂ ಒಂದು ದಪ್ಪ ಪುಸ್ತಕ ಬೋರಲು ಬಿದ್ದಿರುತ್ತಿತ್ತು. ಗಿರಾಕಿ ಎದುರಿಗೆ ಕೆಮ್ಮುತ್ತಾ ನಿಂತಿದ್ದರೂ ಕೈಯಲ್ಲಿದ್ದ ಸಾಲು ಮುಗಿಸಿಯೇ ತಲೆ ಎತ್ತುವ ಪೈಕಿ. ಮದುವೆಯ ಮಾತೆತ್ತಿದವರಿಗೆಲ್ಲ "ಈ ಅಧ್ಯಾಯ ಮುಗೀಲಿ" ಎನ್ನುತ್ತಾ ಐವತ್ತು ದಾಟಿಬಿಟ್ಟಳು. ಅಪ್ಪ ಬಿಟ್ಟುಹೋದ ಅಂಗಡಿಯನ್ನು ನಾವಿಬ್ಬರೇ ನಡೆಸುತ್ತೇವೆ. ಡಾಕ್ಟರ ಚೀಟಿ ಓದಿ ಮಾತ್ರೆ ಕೊಡುವುದು ಅವಳ ಕೆಲಸ. ಗಲ್ಲಾ ನೋಡಿಕೊಳ್ಳುವುದು, ಬಂದವರ ಜೊತೆ ಹರಟುವುದು ನನ್ನ ಕೆಲಸ.

ಹೊಸ ವರ್ಷದ ಮೊದಲ ಬೆಳಿಗ್ಗೆ ಅವಳದೊಂದು ಘೋಷಣೆ ಇದ್ದೇ ಇರುತ್ತದೆ. ಈ ವರ್ಷ ಇಷ್ಟು ಕಾದಂಬರಿ, ಇಷ್ಟು ಪ್ರವಾಸಕಥನ, ದಿನಕ್ಕೊಂದು ಪುಟ ಬರವಣಿಗೆ ಅಂತ ಚಹಾ ಆರಿ ತಣ್ಣಗಾಗುವ ತನಕ ಹೇಳುತ್ತಾಳೆ. "ನಂಗೂ ಒಂದು ಗುರಿ ಇದೆ ಕಣೆ, ನಿನ್ನ ಗುರಿ ಕೇಳಿಸ್ಕೊಳ್ದೇ ಇರೋದು" ಎಂದು ನಾನು ಕಿಚಾಯಿಸುತ್ತೇನೆ. ಅವಳು ಮುಖ ಊದಿಸಿಕೊಳ್ಳುತ್ತಾಳೆ. ಅದಾದ ಮೇಲೇ ನಮಗೆ ವರ್ಷ ಶುರುವಾಗುವುದು.

ಈ ಸಲ ಚಹಾ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ನಾನೇ ಕೆದಕಿದೆ.

"ಏನಕ್ಕಾ, ಈ ವರ್ಷ ಎಷ್ಟು ಓದ್ತೀಯಾ?"

"ಒಂದು ಪುಟ."

"ದಿನಕ್ಕಾ?"

"ವರ್ಷಕ್ಕೆ."

ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ, ಮುಖವನ್ನೂ ಊದಿಸಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಪತ್ರಿಕೆಯನ್ನು ಮಡಚಿ ಆಚೆ ಸರಿಸಿದಳು. ತಮಾಷೆಗಿರಬೇಕು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅದಕ್ಕೆ ಮುಂಚಿನ ವಾರವೇ ನನಗೆ ಗೊತ್ತಾಗಬೇಕಿತ್ತು. ಒಂದು ಬೆಳಿಗ್ಗೆ ತಲೆನೋವೆಂದು ಮಲಗಿ ಎದ್ದವಳು ಪತ್ರಿಕೆ ಹಿಡಿದು ಕೂತರೆ ಪುಟ ಮಗುಚುತ್ತಲೇ ಇರಲಿಲ್ಲ. ಫೋನಿಗೆ ಬಂದ ಸಂದೇಶಗಳನ್ನು "ಕನ್ನಡಕ ಸರಿ ಹೋಗ್ತಿಲ್ಲ, ನೀನೇ ಓದು" ಎಂದು ನನ್ನ ಕೈಗೆ ತುರುಕುತ್ತಿದ್ದಳು. ಹೊಸಬರು ಚೀಟಿ ತಂದರೆ "ನೀನೂ ಕಲೀಬೇಕು ತಾನೇ" ಎಂದು ನನ್ನತ್ತ ತಳ್ಳುತ್ತಿದ್ದಳು. ಹಳಬರಿಗೆ ಮಾತ್ರ ಏನು ಬೇಕೆಂದು ಬಾಯಲ್ಲೇ ಕೇಳಿ, ಕಣ್ಣುಮುಚ್ಚಿ ತೆಗೆದುಕೊಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಯಾವ ಡಬ್ಬಿ ಎಲ್ಲಿದೆಯೋ ಅಲ್ಲೇ ಇತ್ತಲ್ಲ. ಬಿಲ್ಲಿನ ಮೇಲೆ ಅವಳ ಅಕ್ಷರ ಎಂದಿನಂತೆ ಮುತ್ತು ಪೋಣಿಸಿದ ಹಾಗೆ ಬೀಳುತ್ತಿತ್ತು. ಅಂಥ ಅಕ್ಷರ ಬರೆಯುವವಳಿಗೆ ಓದಲು ಬರುತ್ತಿಲ್ಲ ಎಂದರೆ ಯಾರು ನಂಬುತ್ತಾರೆ?

ವರ್ಷದ ಕೊನೆಯ ದಿನ ಬಡಗಿಯಣ್ಣ ಬಂದು, ಜಗ್ಗಿದ್ದ ನಮ್ಮ ಹಲಗೆಗಳನ್ನು ತೆಗೆದು ಹೊಸದು ಕೂರಿಸಿಕೊಟ್ಟ. ಡಬ್ಬಿಗಳನ್ನು ವಾಪಸು ಜೋಡಿಸಿದವಳು ನಾನು. ಬಿಪಿ ಮಾತ್ರೆಯ ಜಾಗಕ್ಕೆ ಶುಗರ್ ಮಾತ್ರೆ ಬಂತು, ಶುಗರಿನದರ ಜಾಗಕ್ಕೆ ಬಿಪಿಯದು ಹೋಯಿತು. ಎರಡೂ ಒಂದೇ ಕಂಪನಿಯ ಬಿಳಿ ಡಬ್ಬಿಗಳು. ಮೇಲೆ ಹೆಸರಿದೆಯಲ್ಲ, ಎಲ್ಲಿಟ್ಟರೇನು ಎಂದುಕೊಂಡಿದ್ದೆ.

ಹೊಸ ವರ್ಷದ ದಿನ ಅಂಗಡಿ ತೆರೆಯುತ್ತಲೇ ಅದೇ ಬಡಗಿಯಣ್ಣ ಹೆಂಡತಿಯ ಬಿಪಿ ಮಾತ್ರೆಗೆ ಬಂದ. ಅಕ್ಕ ಕೈ ಚಾಚಿ ಒಂದು ಸ್ಟ್ರಿಪ್ ಮಾತ್ರೆ ತೆಗೆದುಕೊಟ್ಟಳು. ನಾನು ಚಿಲ್ಲರೆ ಕೊಟ್ಟು, "ಹಲಗೆ ಗಟ್ಟಿಯಾಗಿದೆ ಅಣ್ಣಾ" ಎಂದು ಹೊಗಳಿ ಕಳಿಸಿದೆ. ಅವನು ಹೋಗಿ ಎಷ್ಟೋ ಹೊತ್ತಾದ ಮೇಲೆ ಇನ್ನೊಬ್ಬರಿಗೆ ಬಿಪಿ ಮಾತ್ರೆ ಕೊಡಲು ಹೊರಟರೆ, ಆ ಡಬ್ಬಿಯ ಅಂಟುಪಟ್ಟಿ ಬಿಚ್ಚದೆ ಹಾಗೇ ಇದೆ. ನಿನ್ನೆ ಮುಚ್ಚಿದ್ದ ಶುಗರ್ ಮಾತ್ರೆಯ ಡಬ್ಬಿ ತೆರೆದಿದೆ.

ಡಬ್ಬಿ ಹಿಡಿದು ಅಕ್ಕನ ಹತ್ತಿರ ಬಂದೆ.

"ಅಕ್ಕಾ, ಬಡಗಿಯಣ್ಣಂಗೆ ಯಾವುದರಿಂದ ಕೊಟ್ಟೆ?"

ಅವಳು ಜಾಗ ತೋರಿಸಿದಳು.

"ಹೆಸರು ನೋಡ್ಲಿಲ್ವಾ?"

ಅಕ್ಕ ಡಬ್ಬಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟಳು. "ನೋಡಿದೆ ಕಣೇ. ನಂಗೆ ಓದಕ್ಕೆ ಆಗ್ತಿಲ್ಲ. ಅಕ್ಷರ ಕಾಣ್ಸುತ್ತೆ, ಏನು ಅಂತ ಗೊತ್ತಾಗಲ್ಲ. ಹೇಳಕ್ಕೆ ಹೆದರಿಕೆ ಆಯ್ತು."

ಬಯ್ಯಲು ಪುರುಸೊತ್ತಿರಲಿಲ್ಲ. ಶುಗರ್ ಇಲ್ಲದವರು ಆ ಮಾತ್ರೆ ನುಂಗಿದರೆ ರಕ್ತದ ಸಕ್ಕರೆ ಇಳಿದು ಪ್ರಾಣಕ್ಕೇ ಕುತ್ತು. ಬಡಗಿಯ ಫೋನು ಎತ್ತುವವರಿಲ್ಲ. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಓಡಿದೆವು. ಅಕ್ಕನಿಗೆ ಚಪ್ಪಲಿ ಮೆಟ್ಟುವುದೂ ನೆನಪಾಗಲಿಲ್ಲ. ದಾರಿಯುದ್ದಕ್ಕೂ ಜನ "ಹೊಸ ವರ್ಷದ ಶುಭಾಶಯ" ಎನ್ನುತ್ತಿದ್ದರು. ಯಾರಿಗೆ ಏನು ಉತ್ತರ ಕೊಟ್ಟೆನೋ ಕಾಣೆ.

ಬಡಗಿಯ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಹಣೆಯ ಮೇಲೆ ಬೆವರು. "ಮಾತ್ರೆ ನುಂಗಿದ್ಮೇಲೆ ಯಾಕೋ ಕೈಕಾಲು ನಡುಗ್ತಿದೆ" ಎಂದರು. ನಾನು ಅವರ ಅಡುಗೆಮನೆಗೇ ನುಗ್ಗಿ ಸಕ್ಕರೆ ನೀರು ಕದಡಿ ಕುಡಿಸಿದೆ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಆಯಮ್ಮನ ಕೈ ನನ್ನ ಕೈಯಲ್ಲಿತ್ತು, ತಣ್ಣಗೆ. ಅವರೇನಾದರೂ ಕಣ್ಣು ಮುಚ್ಚಿದರೆ ನಮ್ಮ ಗತಿಯೇನು ಎಂಬ ಯೋಚನೆಯೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸಂಜೆಯವರೆಗೂ ಅವರ ಬೆರಳು ಚುಚ್ಚಿ ಚುಚ್ಚಿ ಸಕ್ಕರೆ ನೋಡುತ್ತಿದ್ದರು. ಕೊನೆಗೆ ಡಾಕ್ಟರು "ಇನ್ನು ಭಯ ಇಲ್ಲ" ಎಂದರು. ಬಡಗಿಯಣ್ಣ ನಮ್ಮನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ನಾನು ವಿಷಯ ಹೇಳಿದ ಮೇಲೆ ಅದೇ ಡಾಕ್ಟರು ಅಕ್ಕನನ್ನೂ ಕೂರಿಸಿ, "ನಿಮ್ಮ ಮನಸ್ಸಿಗೆ ಬಂದದ್ದು ಬರೀರಿ" ಎಂದರು. ಸರಸರನೆ ಒಂದು ಸಾಲು ಬರೆದಳು. ಅದನ್ನೇ ತಿರುಗಿಸಿ ಹಿಡಿದು, "ಈಗ ಓದಿ" ಎಂದರು. ತನ್ನದೇ ಕೈಬರಹವನ್ನು ಅಕ್ಕ ಅಪರಿಚಿತರನ್ನು ನೋಡುವಂತೆ ನೋಡಿದಳು. ಒಂದಕ್ಷರವೂ ಓದಲಾಗಲಿಲ್ಲ. ಆಮೇಲೆ ಅತ್ತಳು. ಅವಳು ಅತ್ತದ್ದನ್ನು ನಾನು ಅಪ್ಪ ಹೋದಾಗಲೂ ನೋಡಿರಲಿಲ್ಲ.

ಮೆದುಳಿನ ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿತ್ತಂತೆ. ಕಣ್ಣೂ ಸರಿ, ಕೈಯೂ ಸರಿ, ಓದು ಮಾತ್ರ ಹೋಗಿದೆ. "ಮತ್ತೆ ಬರುತ್ತಾ?" ಎಂದು ಕೇಳಿದೆ. "ಕೆಲವರಿಗೆ ಸ್ವಲ್ಪ ಬರುತ್ತೆ. ಕೈಗೆ ಇನ್ನೂ ನೆನಪಿದೆಯಲ್ಲ, ಬೆರಳಲ್ಲಿ ಅಕ್ಷರ ತಿದ್ದಿ ತಿದ್ದಿ ಓದಲಿ" ಎಂದರು. ಇನ್ನೊಂದು ನಾಳ ಕಟ್ಟಿಕೊಳ್ಳುವುದಿಲ್ಲ ಎಂದು ಮಾತ್ರ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಂದಿನಿಂದ ಗಲ್ಲಾದಲ್ಲಿ ಅವಳು, ಮಾತ್ರೆ ಕೊಡುವುದು ನಾನು. ಬಿಡುವಾದಾಗಲೆಲ್ಲ ಪುಸ್ತಕದ ಮೊದಲ ಪುಟದ ಮೇಲೆ ತೋರುಬೆರಳಿಟ್ಟು, ಒಂದನೇ ಕ್ಲಾಸಿನ ಮಕ್ಕಳಂತೆ ತಿದ್ದುತ್ತಾಳೆ. ಸಾಲಿನ ತುದಿ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತು ಮತ್ತೆ ಹಿಂದಕ್ಕೆ ಬರುತ್ತಾಳೆ. ಒಂದು ದಿನ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು, "ಬೆರಳಿಗೂ ಮರ್ತು ಹೋದ್ರೆ?" ಎಂದಳು. "ಏನೂ ಆಗಲ್ಲ ಸುಮ್ನಿರೆ" ಎಂದು ಗದರಿದೆ. ಗದರಿದ್ದು ನನ್ನ ಹೆದರಿಕೆಗೆ. ಈಗೀಗ ಬೆಳಿಗ್ಗೆ ಎದ್ದ ಕೂಡಲೇ ನಾನೂ ಗೋಡೆಯ ಕ್ಯಾಲೆಂಡರ್ ಓದಿ ನೋಡಿಕೊಳ್ಳುತ್ತೇನೆ.

ಮೊನ್ನೆ ಬಡಗಿಯಣ್ಣ ಮತ್ತೆ ಬಂದ. ನಾನು ಎದ್ದೆ. ಅಕ್ಕ ನನ್ನ ತೋಳು ಹಿಡಿದು ಕೂರಿಸಿ, "ನಾನು ಕೊಡ್ತೀನಿ" ಎಂದಳು. ಅವಳು ಡಬ್ಬಿ ಇಳಿಸಿ, ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ತಿದ್ದತೊಡಗಿದಳು. ಹಿಂದೆ ಸಾಲು ಬೆಳೆಯಿತು. ಯಾರೋ ಗೊಣಗಿದರು. ಬಡಗಿಯಣ್ಣ ಮಾತ್ರ ಅವಳ ಬೆರಳನ್ನೇ ನೋಡುತ್ತಾ ನಿಂತಿದ್ದ. ಕೊನೆಗೆ ಅಕ್ಕ ಮಾತ್ರೆಯ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಓದಿದಳು. ಸ್ಟ್ರಿಪ್ಪನ್ನು ಮೊದಲು ನನ್ನ ಕೈಗೆ ಕೊಟ್ಟಳು. ಸರಿಯಾಗಿತ್ತು.

ಬಡಗಿಯಣ್ಣ ತೆಗೆದುಕೊಂಡು, "ಬರ್ತೀನಿ ದೊಡ್ಡಕ್ಕ" ಎಂದು ಹೊರಟ. ಬಾಗಿಲ ಹತ್ತಿರ ನಿಂತು, ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು, ಹೆಸರು ಓದಿಕೊಂಡ. ಮಗುಚಿ ಇನ್ನೊಂದು ಸಲ ಓದಿಕೊಂಡು ಜೇಬಿಗಿಟ್ಟುಕೊಂಡ.

ಅಕ್ಕನಿಗೆ ಕಾಣದಿರಲಿ ಎಂದು ನಾನು ಅಡ್ಡ ನಿಂತೆ. ಅವಳು ಆಗಲೇ ನೋಡಿಯಾಗಿತ್ತು.

"ಓದ್ಲಿ ಬಿಡೇ," ಎಂದಳು. "ನಾನು ಕೊಟ್ಟಿದ್ದನ್ನ ಇನ್ಮೇಲೆ ಎಲ್ರೂ ಓದ್ಕೊಂಡೇ ಹೋಗ್ಲಿ."