ತನ್ವೀರನ ಮುಗಿಲಲ್ಲಿ ಚಂದ್ರ

ನನ್ನ ತಮ್ಮ ತನ್ವೀರ ಮುಗಿಲು ಮಾಡುತ್ತಾನೆ ಎಂದರೆ ಹತ್ತಿಮತ್ತೂರಿನಲ್ಲಿ ಜನ ನಗುತ್ತಾರೆ. ನಾನು ಬ್ಲೌಸ್ ಹೊಲಿಯುತ್ತೇನೆ ಎಂದರೆ ಯಾರೂ ನಗುವುದಿಲ್ಲ, ಅಳತೆ ಕೊಟ್ಟು ಹೋಗುತ್ತಾರೆ. ಆದರೂ ಹೇಳಿ ನೋಡುತ್ತೇನೆ. ಕಣ್ಣಿಗೆ ಪೆಟ್ಟಿಗೆಯಂಥದ್ದೊಂದನ್ನು ಕಟ್ಟಿಕೊಂಡರೆ ಒಳಗೆ ಒಂದು ಸುಳ್ಳು ಲೋಕ ಕಾಣುತ್ತದಲ್ಲ, ವಿ.ಆರ್. ಅನ್ನುತ್ತಾರೆ. ಆ ಲೋಕ ಕಟ್ಟುವವರು ಎಲ್ಲೆಲ್ಲೋ ದೇಶಗಳಲ್ಲಿ ಕುಳಿತಿದ್ದಾರೆ, ಅವರಿಗೆ ತಲೆಯ ಮೇಲೊಂದು ಆಕಾಶ ಬೇಕು. ಇವನು ಬರೆದಿರುವುದು ಶೇಡರ್, ಅಂದರೆ ಆಕಾಶದ ಒಂದೊಂದು ಚುಕ್ಕೆಗೂ ಬಣ್ಣ ಹೇಳಿಕೊಡುವ ಸಣ್ಣ ಪ್ರೋಗ್ರಾಂ. ಅದನ್ನು ಹಾಕಿಕೊಂಡರೆ ಮೋಡ ಎಷ್ಟು, ಗಾಳಿ ಯಾವ ಕಡೆಗೆ, ಹೊತ್ತು ಎಷ್ಟು ಇಳಿದಿದೆ, ಚಂದ್ರ ಎಷ್ಟು ದಪ್ಪ, ಎಲ್ಲವನ್ನೂ ಬೇಕಾದ ಹಾಗೆ ಇಟ್ಟುಕೊಳ್ಳಬಹುದು.

ಹಗಲೆಲ್ಲ ಸವಣೂರಿನ ಜೆರಾಕ್ಸ್ ಅಂಗಡಿಯಲ್ಲಿ ಪಹಣಿ, ಆಧಾರ್ ತೆಗೆದುಕೊಡುತ್ತಾನೆ. ಬಸ್ಸಿನಲ್ಲಿ ನಿಂತುಕೊಂಡು ಬಂದು ಮತ್ತೆ ಕಂಪ್ಯೂಟರ್ ಮುಂದೆ ಕೂರುತ್ತಾನೆ, ಆಕಾಶ ತೆಗೆದುಕೊಂಡವರ ದೂರುಗಳು ಅಲ್ಲಿ ಕಾದಿರುತ್ತವೆ. ಒಬ್ಬನಿಗೆ ಮೋಡ ನಡುಗುತ್ತವಂತೆ, ಇನ್ನೊಬ್ಬನಿಗೆ ಅಗ್ಗದ ಪೆಟ್ಟಿಗೆಯಲ್ಲಿ ಆಕಾಶವೇ ಕಪ್ಪಂತೆ. ಬರೆದಿಟ್ಟ ಸೂಚನೆ ಒಬ್ಬನೂ ಓದುವುದಿಲ್ಲ. ಎಲ್ಲ ಸರಿಮಾಡಿದ ಮೇಲೆ ಯಾವುದೋ ಅಪ್‌ಡೇಟ್ ಬಂದು ಮಾಡಿದ್ದನ್ನೆಲ್ಲ ಕೆಡಿಸುತ್ತದೆ. ಮೂರು ವರ್ಷದಿಂದ ಇದೇ ಪಾಡು. ಮೂವತ್ತೊಂದಕ್ಕೇ ಅವನ ಕಣ್ಣ ಕೆಳಗೆ ಕಪ್ಪು ಇಳಿದಿದೆ.

"ನಿನ್ನ ಮುಗಿಲಿನಾಗ ಒಂದ್ ಸಲನೂ ಮಳಿ ಬರಂಗಿಲ್ಲಲ್ಲೋ" ಎಂದು ನಾನೊಮ್ಮೆ ಕೆಣಕಿದ್ದೆ.

"ಮಳಿಗೆ ಬ್ಯಾರೆ ಪ್ರೋಗ್ರಾಂ ಬರೀಬೇಕಕ್ಕ. ನನಗ ತ್ರಾಣಿಲ್ಲ" ಎಂದ. ನಗಲೂ ಇಲ್ಲ.

ಇನ್ನು ನಮ್ಮಪ್ಪ ರಾಜೇಸಾಬ. ಎಪ್ಪತ್ತು ದಾಟಿದೆ. ರಂಜಾನಿನ ಇಪ್ಪತ್ತೊಂಬತ್ತನೆಯ ಸಂಜೆ ಹಬ್ಬದ ಚಂದ್ರನನ್ನು ನೋಡುವ ಕಣ್ಣು ನಮ್ಮೂರಲ್ಲಿ ಅಪ್ಪನದು. ನಮ್ಮ ಮಾಳಿಗೆ ಹತ್ತಿದರೆ ಪಡುವಣಕ್ಕೆ ಬರೀ ಹೊಲ, ಅಡ್ಡ ಏನೂ ಇಲ್ಲ. ಗಂಡಸರೆಲ್ಲ ಅಲ್ಲೇ ಸೇರುತ್ತಾರೆ. ಅಪ್ಪ ಕಂಡಿತು ಅಂದರೆ ಊರು ರೋಜಾ ಮುಗಿಸುತ್ತದೆ, ಇಲ್ಲ ಅಂದರೆ ಇನ್ನೊಂದು ದಿನ ಉಪವಾಸ. ಆದರೆ ಒಂದು ವರ್ಷದಿಂದ ಅಪ್ಪ ಚಹಾವನ್ನು ಕಪ್ಪಿನ ಪಕ್ಕಕ್ಕೆ ಸುರಿಯುತ್ತಾನೆ, ಕಪ್ಪು ಸರಿಸಿದವರು ಯಾರೆಂದು ನಮ್ಮನ್ನೇ ಬೈಯುತ್ತಾನೆ. ಕಣ್ಣಿನ ಡಾಕ್ಟರ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಾನೆ.

ಈ ಸಲದ ರಂಜಾನಿನಲ್ಲಿ, ಇಪ್ಪತ್ತೊಂಬತ್ತಕ್ಕೆ ಇನ್ನೆರಡು ದಿನ ಇರುವಾಗ, ತನ್ವೀರ ಒಂದು ಉಪಾಯ ಮಾಡಿದ. ತನ್ನ ಮುಗಿಲಿಗೆ ಸಂಜೆ ಇಳಿಸಿ, ತೆಳ್ಳನೆಯ ಚಂದ್ರನನ್ನಿಟ್ಟು, ಪೆಟ್ಟಿಗೆಯನ್ನು ಅಪ್ಪನ ಕಣ್ಣಿಗೆ ಕಟ್ಟಿದ.

"ಚಂದ್ರ ಕಾಣ್ತೈತೇನಪಾ?"

"ಕಾಣ್ತೈತಿ."

ಇನ್ನಷ್ಟು ತೆಳ್ಳಗೆ ಮಾಡಿದ. ಅಪ್ಪ ಕಾಣ್ತೈತಿ ಎಂದ. ಕೊನೆಗೆ ಚಂದ್ರನನ್ನು ಪೂರ್ತಿ ತೆಗೆದುಹಾಕಿ "ಈಗ?" ಎಂದು ಕೇಳಿದ.

"ಈಗೂ ಕಾಣ್ತೈತಿ. ಭಾಳ ಸಣ್ಣೈತಿ ನೋಡು. ಏನ್ ಛಲೋ ಮಾಡೀಯೋ!"

ಕಂಪ್ಯೂಟರ್ ಪರದೆಯಲ್ಲಿ ಬರೀ ಖಾಲಿ ಸಂಜೆ. ತನ್ವೀರ ನನ್ನ ಮುಖ ನೋಡಿದ. ಮಾಳಿಗೆ ಮೇಲೂ ಅಪ್ಪ ಹೀಗೇ ಕಂಡಿತು ಅಂದರೆ ಇಡೀ ಊರಿನ ರೋಜಾ ಸುಳ್ಳಿನ ಮೇಲೆ ಮುರಿಯುತ್ತದೆ. ಆ ಪಾಪ ಯಾರ ತಲೆಗೆ?

ಅಡುಗೆಮನೆಯಲ್ಲಿ ಇಬ್ಬರೂ ಪಿಸುಪಿಸು ಜಗಳ ಆಡಿದೆವು.

"ನೀನ ಹೇಳಕ್ಕ, ನಿನ್ನ ಮಾತು ಕೇಳ್ತಾನ."

"ಪೆಟ್ಟಿಗಿ ನಿಂದು. ನೀನ ಹೇಳು."

"ಹೇಳಿದ್ರ ಅಪ್ಪ ಮತ್ತ ಮಾಳಿಗಿ ಹತ್ತಂಗಿಲ್ಲ."

ಎರಡು ದಿನ ಕಳೆದರೂ ಇಬ್ಬರೂ ಬಾಯಿ ಬಿಡಲಿಲ್ಲ. ಪರದೇಶದವರಿಗೆಲ್ಲ ಉದ್ದುದ್ದ ಉತ್ತರ ಬರೆಯುವವನಿಗೆ ಹೆತ್ತ ಅಪ್ಪನ ಎದುರು ನಾಲಗೆ ಏಳಲಿಲ್ಲ. ಸಿಟ್ಟು ಬಂತು. ನನಗೂ ಏಳಲಿಲ್ಲ, ಅದಕ್ಕೆ ಇನ್ನೂ ಸಿಟ್ಟು.

ಇಪ್ಪತ್ತೊಂಬತ್ತರ ಸಂಜೆ ಖರ್ಜೂರ ತಿಂದು, ನೀರು ಕುಡಿದು, ನಮಾಜ್ ಮುಗಿಸಿ ಎಲ್ಲರೂ ಮಾಳಿಗೆ ಹತ್ತಿದರು. ಪಡುವಣದಲ್ಲಿ ಮೋಡ ಕವಿದಿತ್ತು. ತಿಂಗಳಿಡೀ ಬಿಸಿಲಲ್ಲಿ ಹಸಿದು ದಣಿದ ಮುಖಗಳು, ಎಲ್ಲರಿಗೂ ಹಬ್ಬ ಬಂದರೆ ಸಾಕಾಗಿತ್ತು. ನಾನು ಮೂಲೆಯಲ್ಲಿ ನಿಂತಿದ್ದೆ.

"ಅಲ್ಲಿ! ಮೋಡದ ಸಂದ್ಯಾಗ ಕಂಡ್ತು!" ಎಂದು ಸೈಕಲ್ ಅಂಗಡಿಯ ರಫೀಕ ಕೂಗಿದ. ಉಳಿದವರಿಗೆ ಏನೂ ಕಾಣಲಿಲ್ಲ.

ಇಂಥ ಮೋಡದಲ್ಲಿ ಒಬ್ಬನ ಮಾತು ಸಾಲದು, ಇನ್ನೊಂದು ಸಾಕ್ಷಿ ಬೇಕು ಎಂದರು ಇಮಾಮರು. ಎಲ್ಲರೂ ಅಪ್ಪನ ಕಡೆ ತಿರುಗಿದರು.

"ರಾಜೇಸಾಬ್ರ, ನಿಮಗ ಕಂಡ್ತೇನ್ರಿ?"

ತನ್ವೀರ ನನ್ನ ತೋಳು ಹಿಡಿದುಕೊಂಡ. ಅಪ್ಪ ಪಡುವಣಕ್ಕೆ ಮುಖ ಮಾಡಿ ನಿಂತ. ಆಮೇಲೆ ಟೋಪಿ ಸರಿಮಾಡಿಕೊಂಡ.

"ಇಲ್ರಿ. ನನಗ ಚಂದ್ರ ಹಂಗಿರ್ಲಿ, ಮೋಡನೂ ಕಾಣವಲ್ದು. ವರ್ಷಾತು. ಇನ್ನ ಮುಂದ ನನ್ನ ಸಾಕ್ಷಿ ಕೇಳಬ್ಯಾಡ್ರಿ."

ಇಮಾಮರು ಅಪ್ಪನ ಭುಜ ಮುಟ್ಟಿ ಕೆಳಗಿಳಿದರು. ರಫೀಕ ಗೊಣಗುತ್ತಾ ಹೋದ. ಬೇರೆ ಕಡೆಯಿಂದಲೂ ಸುದ್ದಿ ಬರಲಿಲ್ಲ, ನಾಳೆಯೂ ರೋಜಾ ಎಂದಾಯಿತು. ಮಾಳಿಗೆ ಮೇಲೆ ಉಳಿದವರು ನಾವು ಮೂವರೇ.

ತನ್ವೀರ ಅಪ್ಪನ ಎದುರು ಬಂದು ನಿಂತ. "ಮತ್ತ ಮೊನ್ನೆ ಕಾಣ್ತೈತಿ ಅಂದಿ? ನಾ ಚಂದ್ರನ್ನ ತಗದ ಬಿಟ್ಟಿದ್ದೆ ಅಪ್ಪ. ಅಲ್ಲಿ ಏನೂ ಇರಲಿಲ್ಲ."

"ಇತ್ತೋ ಇಲ್ಲೋ ನನಗೇನ್ ಗೊತ್ತು? ನನಗ ಬರೇ ಕತ್ತಲಿ" ಎಂದ ಅಪ್ಪ. "ಇಲ್ಲಿ ಸುಳ್ಳ ಹೇಳಿದ್ರ ಅಲ್ಲಾ ಕೇಳ್ತಾನ. ಆ ಪೆಟ್ಟಿಗಿ ಕಟ್ಟಿದಾಗ ಕೇಳಾಕತ್ತಿದ್ದಾವ ನೀನು. ಮೂರ್ ವರ್ಷ ದುಡದು ದುಡದು ಸೋತಿದ್ದಿ, ಒಬ್ಬರ ಬಾಯಾಗೂ ಛಲೋ ಐತಿ ಅನ್ನೂದು ನಾ ಕೇಳಿಲ್ಲ. ಕಾಣವಲ್ದು ಅಂತ ಹೆಂಗ ಅನ್ಲೋ?"

ತನ್ವೀರ ಅಲ್ಲೇ ಕುಸಿದು ಕುಳಿತು ಮಕ್ಕಳ ಹಾಗೆ ಅತ್ತ. ನಾನೂ ಅತ್ತೆ, ಮುಚ್ಚಿಡುವುದೇನು. ಅಪ್ಪ ತಡವರಿಸುತ್ತ ಬಂದು ಅವನ ತಲೆ ಹುಡುಕಿ ಕೈಯಿಟ್ಟ.

ಮೆಟ್ಟಿಲು ಇಳಿಯುವಾಗ ತನ್ವೀರ ಮುಂದೆ ನಿಂತು "ಇಲ್ಲಿ ಪಾವಟಿಗಿ ಐತಪಾ" ಎಂದು ಕೈ ಚಾಚಿದ. ಒಂದು ವರ್ಷ ನಮ್ಮಿಬ್ಬರ ಕೈಯನ್ನೂ ತಳ್ಳಿಕೊಂಡೇ ಓಡಾಡಿದ್ದ ಅಪ್ಪ, ಅವತ್ತು ಆ ಕೈ ಹಿಡಿದು ಇಳಿದ.