ಕಾರ್ಗಿಲ್ಲಿನಿಂದ ಬಂದ ಹಕಾರವಿಲ್ಲದ ಕಾಗದ

ನಾನು ಕನ್ನಡ ಟೀಚರು. ಹೊಣಕೆರೆ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ತೊಂಬತ್ತರ ದಶಕವನ್ನು ಹೆಚ್ಚುಕಡಿಮೆ ಪೂರ್ತಿ ಕಳೆದೆ. ಅದರಲ್ಲಿ ಅರ್ಧ ಆಯುಷ್ಯ ಹಕಾರದ ಮೇಲೆ ಖರ್ಚಾಯಿತು. ಆ ಕಡೆ ಯಾರ ಬಾಯಲ್ಲೂ ಹಕಾರ ನಿಲ್ಲುವುದಿಲ್ಲ. ಹಾಲು ‘ಆಲು’, ಹೋದೆ ಅನ್ನುವುದು ‘ಓದೆ’. ನಿನ್ನೆ ಯಾಕೆ ಸ್ಕೂಲಿಗೆ ಬರಲಿಲ್ಲ ಎಂದು ಕೇಳಿದರೆ, “ಅಜ್ಜಿ ಊರ್ಗೆ ಓದೆ ಮಿಸ್” ಎಂಬ ಉತ್ತರ. “ಊರನ್ನು ಹೇಗೆ ಓದುತ್ತೀಯ, ಪುಸ್ತಕ ಓದು!” ಎಂದು ನಾನು ಕೂಗಾಡುತ್ತಿದ್ದೆ. ಬೈದು ಬೈದು ಹೆದರಿಸಿದರೆ ಇನ್ನೊಂದು ಅನಾಹುತ. ಮಕ್ಕಳು ಸಿಕ್ಕಸಿಕ್ಕ ಕಡೆಯೆಲ್ಲ ಹಕಾರ ಅಂಟಿಸಿಬಿಡುತ್ತಿದ್ದರು. ‘ನಮ್ಮಮ್ಮ ಯುಗಾದಿಗೆ ಹಕ್ಕಿ ಬೇಯಿಸಿದಳು’ ಎಂದು ಬರೆದವಳ ಮನೆಯಲ್ಲಿ ಬೆಂದದ್ದು ಬರೀ ಅಕ್ಕಿ. ನಾನೇನೂ ಆಕಾಶದಿಂದ ಇಳಿದವಳಲ್ಲ, ಶ್ರೀರಂಗಪಟ್ಟಣದವಳು. ನನ್ನ ತಾಯಿಯೂ ಸಾರಿಗೆ ‘ಉಳಿ’ಯನ್ನೇ ಹಿಂಡುತ್ತಿದ್ದಳು. ಆ ವಿಷಯವನ್ನು ಸ್ಕೂಲಿನಲ್ಲಿ ಯಾರಿಗೂ ತಿಳಿಸಿರಲಿಲ್ಲ.

ನನ್ನ ಕೈಯಲ್ಲಿ ಅತಿ ಹೆಚ್ಚು ಬೈಸಿಕೊಂಡವನೊಬ್ಬ ಎಸ್ಸೆಸ್ಸೆಲ್ಸಿ ಮುಗಿಸಿ, ಒಂದೆರಡು ವರ್ಷ ಗದ್ದೆ ಉತ್ತು, ಆಮೇಲೆ ಮಿಲಿಟರಿ ಸೇರಿದ. ಅವನ ತಂದೆ-ತಾಯಿಗೆ ಓದಲು ಬರುತ್ತಿರಲಿಲ್ಲ. ಅವನ ಕಾಗದ ಬಂದರೆ ನಾನು ಓದಬೇಕು, ಅದೂ ಸಾಯಂಕಾಲ ಹಾಲಿನ ಡೈರಿಯ ಮುಂದೆ, ಕ್ಯಾನು ಹಿಡಿದು ನಿಂತವರೆಲ್ಲರ ಎದುರು. ಓದುವವಳು ನಾನೇ ಎಂದು ಗೊತ್ತಿದ್ದ ಪುಣ್ಯಾತ್ಮ ಒಂದು ಹಕಾರವನ್ನೂ ಬಿಡದೆ ಬರೆಯುತ್ತಿದ್ದ. ನನಗೆ ಹೆಮ್ಮೆಯೋ ಹೆಮ್ಮೆ. ಕಾಗದ ಓದಿ ಮುಗಿಸಿ, “ನೋಡಿ, ನನ್ನ ಶಿಷ್ಯ” ಎಂದು ಡೈರಿ ಸೆಕ್ರೆಟರಿಯ ಮುಖ ನೋಡುತ್ತಿದ್ದೆ. ಸೆಕ್ರೆಟರಿ ಹಾಲಿನ ಡಿಗ್ರಿ ನೋಡುವುದರಲ್ಲಿ ಮುಳುಗಿರುತ್ತಿದ್ದ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಶುರುವಾಯಿತು. ಹುಡುಗ ಅಲ್ಲೇ ಎಲ್ಲೋ ಇದ್ದಾನೆ ಎಂಬುದಷ್ಟೇ ಗೊತ್ತು. ಅವತ್ತಿನಿಂದ ಅವನ ಅಪ್ಪ, ಎರಡು ಎಮ್ಮೆಯ ಯಜಮಾನರು, ನಮ್ಮ ಡೈರಿಯ ಸೇನಾಪತಿಯಾದರು. ಬೆಳಿಗ್ಗೆ ಸೆಕ್ರೆಟರಿ ಪೇಪರು ಓದಿ ಹೇಳಬೇಕು, ಇವರು ತೀರ್ಪು ಕೊಡಬೇಕು. ತೀರ್ಪು ಪ್ರತಿದಿನವೂ ಒಂದೇ.

“ಅಲ್ಲ ಕಣ್ಲಾ, ಅವ್ನು ಬೆಟ್ಟದ ನೆತ್ತಿ ಮ್ಯಾಲೆ ಕುಂತವ್ನೆ. ನಮ್ಮವ್ರು ಕೆಳಗಿಂದ ಅತ್ಕೊಂಡು ಓಯ್ತಾವ್ರೆ. ಯಾವನ್ಲಾ ಇದ್ನ ಯೋಳ್ಕೊಟ್ಟೋನು? ಇಂದ್ಗಡೆಯಿಂದ ಓಗಿ ಅನ್ನ-ನೀರು ತಡೀರಿ, ಅವ್ನೇ ಇಳ್ಕೊಂಡು ಬತ್ತನೆ.”

“ಗಡಿ ದಾಟಬಾರದು ಅಂತ ಸರ್ಕಾರದೋರೇ ಯೋಳವ್ರೆ ಕಣಣ್ಣ” ಎಂದ ಸೆಕ್ರೆಟರಿ.

“ಮನೆಗೆ ನುಗ್ಗಿದ ಕಳ್ಳಂಗೆ ಇಲ್ದೇ ಇರೋ ಗಡಿ ನಮ್ಗೆ ಮಾತ್ರ ಯಾಕ್ಲಾ?”

ಊರಿನ ಮುಕ್ಕಾಲು ಪಾಲು ಯಜಮಾನರ ಪಕ್ಷ. ಕೆ.ಆರ್. ಪೇಟೆಯಿಂದ ಹಿಂಡಿ ಮಾರಲು ಬರುತ್ತಿದ್ದವನು, ಅಕ್ಕಿಹೆಬ್ಬಾಳಿನಲ್ಲೂ ಜನ ಇದನ್ನೇ ಕೇಳುತ್ತಿದ್ದಾರೆ ಎಂದು ಸಾಕ್ಷಿ ನುಡಿದ. ಸೆಕ್ರೆಟರಿ ಮಾತ್ರ ಸರ್ಕಾರದ ಕಡೆ. ಒಂದು ಭಾನುವಾರ ವಾದ ವಿಕೋಪಕ್ಕೆ ಹೋಗಿ, ಡೈರಿ ಪಕ್ಕದ ಹುಲ್ಲಿನ ಮೆದೆಯ ಮೇಲೆ ಪರೀಕ್ಷೆಯೇ ನಡೆಯಿತು. ಸೆಕ್ರೆಟರಿ ಏಣಿ ಹಾಕಿ ಮೆದೆಯ ತುದಿಗೇರಿ ಕುಳಿತ. ಮಡಿಲಲ್ಲಿ ಹಸಿ ಸಗಣಿಯ ಉಂಡೆಗಳು. ಅವನೀಗ ವೈರಿ. ಕೆಳಗಿನಿಂದ ಹತ್ತುವುದು ಎಷ್ಟು ದಡ್ಡತನ ಎಂದು ತೋರಿಸಲು ಯಜಮಾನರೇ ಪಂಚೆ ಎತ್ತಿ ಕಟ್ಟಿ ಹತ್ತತೊಡಗಿದರು. ಮೊದಲ ಉಂಡೆ ಹೆಗಲಿಗೆ, ಎರಡನೆಯದು ನೇರ ಹಣೆಗೆ.

“ನೋಡುದ್ರಾ? ನೋಡುದ್ರಾ?” ಎಂದು ಯಜಮಾನರು ಗೆದ್ದವರ ಹಾಗೆ ಕೂಗಿದರು. ಮೂರನೆಯದು ತೆರೆದ ಬಾಯಿಯ ಹತ್ತಿರವೇ ಬಿತ್ತು.

ಆಮೇಲೆ ಹಿಂದಿನಿಂದ ಹೋಗಿ ತೋರಿಸುತ್ತೇನೆಂದು ಹೊರಟರೆ ಮೆದೆಯ ಹಿಂದೆ ಬೇರೆಯವರ ಬೇಲಿ. ಅವರಿಗೂ ಯಜಮಾನರಿಗೂ ನೀರಿನ ಸರದಿಯ ವಿಷಯಕ್ಕೆ ಮಾತಿಲ್ಲ, ಕತೆಯಿಲ್ಲ. ಆ ಮನೆಯ ಹೆಂಗಸು ಬೇಲಿಯ ಹತ್ತಿರ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. ಯಜಮಾನರು ಬೇಲಿ ನೋಡಿದರು, ಅವಳನ್ನು ನೋಡಿದರು, ಹಿಂದಿರುಗಿದರು. “ಈಗ ಗೊತ್ತಾಯ್ತಾ ಗಡಿ ಅಂದ್ರೆ ಏನು ಅಂತ?” ಎಂದು ಸೆಕ್ರೆಟರಿ ಮೇಲಿನಿಂದ ಕೇಳಿದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಜಮಾನರ ಹೆಂಡತಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಯುದ್ಧ ಶುರುವಾದ ಮೇಲೆ ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸ್ಕೂಲು ಶುರುವಾಗಿ ಕೆಲವು ವಾರಗಳಾದ ಮೇಲೆ ಕಾಗದ ಬಂತು. ಡೈರಿಯ ಮುಂದೆ ಕ್ಯಾನುಗಳ ಸದ್ದು ನಿಂತಿತು. ಪೆನ್ಸಿಲ್ಲಿನಲ್ಲಿ ಗೀಚಿದ ಅಕ್ಷರ, ನಾಲ್ಕೇ ನಾಲ್ಕು ಸಾಲು. ನಾನು ಓದಿದೆ.

‘ಅಪ್ಪ ಅವ್ವನಿಗೆ ನಮಸ್ಕಾರ. ಇಲ್ಲಿ ಇಮ ಬೀಳುತ್ತದೆ, ಬೆರಳು ಮಡಚಲು ಆಗುವುದಿಲ್ಲ. ಮೊನ್ನೆ ರಾತ್ರಿಯೆಲ್ಲ ಅತ್ಕೊಂಡೇ ಇದ್ದೆವು. ಎಲ್ಲರಿಗಿಂತ ಮೊದಲು ಅತ್ತಿದ್ದು ನಾನೇ. ಸಾಯೇಬರು ಬೆನ್ನು ತಟ್ಟಿದರು. ಯೋಚನೆ ಮಾಡಬೇಡಿ.’

‘ಇಮ’ವನ್ನು ಹಿಮ ಎಂದು ತಿದ್ದಿಕೊಂಡೇ ಓದಿದೆ, ಅಭ್ಯಾಸಬಲ. ಮುಂದಿನ ಸಾಲನ್ನೂ ಹಾಗೇ ತಿದ್ದಿಕೊಂಡೆ. “ರಾತ್ರಿಯೆಲ್ಲ ಅತ್ತುಕೊಂಡೇ ಇದ್ದೆವು. ಎಲ್ಲರಿಗಿಂತ ಮೊದಲು ಅತ್ತದ್ದು ನಾನೇ” ಎಂದು ಬಿಡಿಸಿ, ಸ್ಪಷ್ಟವಾಗಿ, ಶುದ್ಧ ಕನ್ನಡದಲ್ಲಿ ಓದಿದೆ. ಅವನು ಅಲ್ಲಿ ಅಳುತ್ತಿರಬಹುದು ಎಂಬ ಭಯ ಒಂದು ತಿಂಗಳಿನಿಂದ ನಮ್ಮೆಲ್ಲರಿಗೂ ಇತ್ತು. ಕಾಗದದಲ್ಲಿ ಅದೇ ಸಿಕ್ಕಿತು.

ಸೇನಾಪತಿ ಯಜಮಾನರು ಕ್ಯಾನಿನ ಮೇಲೆ ಹಾಗೇ ಕುಳಿತುಬಿಟ್ಟರು. ಸಾಹೇಬರು ಬೆನ್ನು ತಟ್ಟಿ ಸಮಾಧಾನ ಮಾಡುವಷ್ಟು ಅತ್ತಿದ್ದಾನೆ ಮಗ! ತಾಯಿ ಒಂದೇ ಮಾತು ಕೇಳಿದಳು.

“ನನ್ ಮಗ ತೆಂಗಿನ್ಮರದಿಂದ ಬಿದ್ದು ಕೈ ಮುರ್ಕಂಡಾಗ್ಲೂ ಅತ್ತೋನಲ್ಲ ಕಣವ್ವ. ಅಲ್ಲಿ ಅವ್ನ್ಗೆ ಏನ್ ಮಾಡ್ಬುಟ್ರು?”

ಆಗ ಯಾರೋ ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯ ಹೇಳಿದರು: ತಂತಿ ಹೊಡೆಯುವುದು. ‘ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ.’ ರಜ ಸಿಗದ ಮಕ್ಕಳನ್ನು ಊರಿಗೆ ಕರೆಸಲು ಎಷ್ಟೋ ಗಟ್ಟಿಮುಟ್ಟಾದ ತಾಯಂದಿರು ಹೀಗೆ ತಂತಿಯಲ್ಲಿ ಸಾಯಲು ಮಲಗಿದ್ದಾರೆ. ಯುದ್ಧದ ನಡುವೆ ರಜ ಕೊಡುತ್ತಾರೋ ಇಲ್ಲವೋ, ಅವನ ಮರ್ಯಾದೆ ಏನಾಗುತ್ತದೋ, ಯಾರಿಗೂ ಗೊತ್ತಿಲ್ಲ. ಆ ಇಂಗ್ಲಿಷನ್ನು ಚೀಟಿಯಲ್ಲಿ ಬರೆದುಕೊಟ್ಟವಳೂ ನಾನೇ.

ಮಾರನೆಯ ಬೆಳಿಗ್ಗೆ ಗಂಡ-ಹೆಂಡತಿ ಮೊದಲ ಬಸ್ಸಿಗೆ ನಾಗಮಂಗಲಕ್ಕೆ ಹೋದರು. ನಾನು ಸ್ಕೂಲಿಗೆ ಹೋಗಿ ಎಂಟನೇ ಕ್ಲಾಸಿಗೆ ಉಕ್ತಲೇಖನ ಕೊಟ್ಟೆ. ‘ರಾಜನು ಬೆಟ್ಟವನ್ನು ಹತ್ತಿದನು’ ಎಂಬುದು ಅದರಲ್ಲೊಂದು ವಾಕ್ಯ. ಮೊದಲ ಸಾಲಿನ ಹುಡುಗಿಯ ಪುಸ್ತಕದಲ್ಲಿ ‘ರಾಜನು ಬೆಟ್ಟವನ್ನು ಅತ್ತಿದನು’ ಎಂದಿತ್ತು. ಮನಸ್ಸು ಮೊದಲೇ ಕೆಟ್ಟಿತ್ತು, ಕೆಂಡವಾದೆ.

“ಏನೇ ಇದು? ರಾಜ ಅತ್ತನೋ, ಹತ್ತಿದನೋ? ಬೆಟ್ಟ ನೋಡಿ ಯಾವ ರಾಜನಾದರೂ ಅಳ್ತಾನೇನೇ...”

ಅಲ್ಲಿಗೆ ನನ್ನ ಬಾಯಿ ನಿಂತುಹೋಯಿತು. ಬೆಟ್ಟ. ರಾತ್ರಿಯೆಲ್ಲ ಹತ್ತಿಕೊಂಡೇ ಇದ್ದೆವು. ಎಲ್ಲರಿಗಿಂತ ಮೊದಲು ಹತ್ತಿದ್ದು ನಾನೇ. ಸಾಹೇಬರು ಬೆನ್ನು ತಟ್ಟಿದ್ದು ಅದಕ್ಕೆ! ಅಯ್ಯೋ ನನ್ನ ಪಾಂಡಿತ್ಯಕ್ಕೆ ಬೆಂಕಿ ಹಾಕ! ಯಜಮಾನರು ಒಂದು ತಿಂಗಳಿಂದ ಹೊತ್ತಿಗೊಂದು ಸಲ ‘ಅತ್ಕೊಂಡು ಓಯ್ತಾವ್ರೆ’ ಎಂದು ಕಿವಿಯಲ್ಲಿ ಕೂಗಿದ್ದರೂ ನನಗೆ ಹೊಳೆಯಲಿಲ್ಲವಲ್ಲ!

ಪುಸ್ತಕ ಕೆಳಗೆ ಹಾಕಿ ಓಡಿದೆ. ಹೆಡ್‌ಮಾಸ್ಟರಿಗೆ ಏನು ಹೇಳಿದೆನೋ ನೆನಪಿಲ್ಲ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಡೈರಿಯ ಮುಂದೆ ಸೆಕ್ರೆಟರಿಯ ಮೊಪೆಡ್ ಕಂಡಿತು. “ನಡಿಯಪ್ಪ ನಾಗಮಂಗಲಕ್ಕೆ, ಹುಡುಗ ಅಳಲಿಲ್ಲ” ಎಂದು ಹಿಂದೆ ಕುಳಿತೇಬಿಟ್ಟೆ. ಆ ಮೊಪೆಡ್ಡಿಗೆ ಇಬ್ಬರ ಭಾರ ಜಾಸ್ತಿ. ಒಂದು ಏರಿನಲ್ಲಿ ನಾನಿಳಿದು ತಳ್ಳಬೇಕಾಯಿತು. ತಳ್ಳುತ್ತಾ ತಳ್ಳುತ್ತಾ ಎಲ್ಲವನ್ನೂ ವಿವರಿಸಿದೆ. ಸೆಕ್ರೆಟರಿ ಹಿಂದೆ ತಿರುಗಿಯೂ ನೋಡದೆ, “ತಿದ್ದದೆ ಇದ್ದಂಗೇ ಓದಿದ್ರೆ ನಮ್ಗೆ ಅವತ್ತೇ ಗೊತ್ತಾಗ್ತಿತ್ತು ಮೇಡಮ್ಮಾರೆ” ಎಂದ. ಅಷ್ಟು ಅನ್ನಿಸಿಕೊಳ್ಳುವುದು ನನಗೆ ತಕ್ಕದ್ದೇ.

ತಂತಿ ಕಚೇರಿಯ ಲೈನು ಬೆಳಿಗ್ಗೆಯಿಂದ ಕೆಟ್ಟಿತ್ತಂತೆ; ಯಜಮಾನರು ಇನ್ನೂ ಕಿಟಕಿಯ ಮುಂದೆ ನಿಂತಿದ್ದರು. ನನ್ನ ಚೀಟಿ ಗುಮಾಸ್ತರ ಕೈಯಲ್ಲಿತ್ತು. ಬಾಗಿಲಿನಿಂದಲೇ ನಾನು ಕೂಗಿದೆ:

“ನಿಲ್ಸಿ! ಅವನು ಅತ್ತಿಲ್ಲ! ಅತ್ತಿದ್ದು!”

ಕಚೇರಿಯವರೆಲ್ಲ ತಿರುಗಿ ನೋಡಿದರು. ಗುಮಾಸ್ತರು ಕನ್ನಡಕ ಕೆಳಗಿಳಿಸಿ, “ಅತ್ತಿದ್ದೋ ಅತ್ತಿಲ್ವೋ, ಒಂದು ಹೇಳಿ ತಾಯಿ” ಎಂದರು.

“ಅತ್ತಿಲ್ಲಾ ರೀ! ಅತ್ತಿದ್ದು! ಅತ್ತಿದ್ದು!”

ಎಷ್ಟು ಕೂಗಿದರೂ ಹಕಾರ ಬರಲೊಲ್ಲದು! ಹತ್ತು ವರ್ಷ ಮಕ್ಕಳ ಕಿವಿ ಹಿಂಡಿದವಳ ಬಾಯಿಂದ ಆ ಗಳಿಗೆಯಲ್ಲಿ ನಮ್ಮಮ್ಮನ ಕನ್ನಡವೇ ಬರುತ್ತಿತ್ತು. ಕೊನೆಗೆ ಎರಡೂ ಕೈ ಎತ್ತಿ, ಗೋಡೆ ಹಿಡಿದು ಮೇಲೇರುವವಳ ಹಾಗೆ ಅಭಿನಯಿಸಿ ತೋರಿಸಿದೆ. ಯಜಮಾನರು ಬಾಯಿ ಬಿಟ್ಟುಕೊಂಡು ನೋಡಿದರು. ನಿಧಾನವಾಗಿ ಅವರ ಮುಖ ಅರಳಿತು.

“ಬೆಟ್ಟ ಅತ್ತುದ್ನಾ? ಎಲ್ಲಾರ್ಗಿಂತ ಮುಂಚೆ?”

“ಊಂ.”

“ಥೂ ಮುಂಡೇಮಗ್ನೆ! ಅತ್ತಬ್ಯಾಡ್ರಿ ಅತ್ತಬ್ಯಾಡ್ರಿ ಅಂತ ನಾನಿಲ್ಲಿ ಬಡ್ಕೊಂಡ್ರೆ, ಎಲ್ಲಾರ್ಗಿಂತ ಮುಂಚೆ ಅತ್ತವ್ನಲ್ಲ!” ಎಂದು ಅವರು ಗುಮಾಸ್ತರಿಗೇ ಬೈದರು. ಬೈಯುತ್ತಲೇ ಕಣ್ಣೊರೆಸಿಕೊಂಡರು.

ತಾಯಿ ಮೂಲೆಯ ಬೆಂಚಿನಲ್ಲಿ ಒಂದು ಕಡೆ ವಾಲಿಕೊಂಡು ಕುಳಿತಿದ್ದಳು, ತುಟಿ ಒಣಗಿತ್ತು. ನಾನು ಹತ್ತಿರ ಕುಳಿತು ಮತ್ತೊಮ್ಮೆ ಎಲ್ಲ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

“ಅಂಗಾರೆ ನಾನು ಉಣ್ಬೌದಾ?”

ನನಗೆ ಅರ್ಥವಾಗಲಿಲ್ಲ. ಯಜಮಾನರು ಹೇಳಿದರು. ಹಿಂದಿನ ಸಾಯಂಕಾಲ ಡೈರಿಯಿಂದ ಹೋದವಳು ನೀರನ್ನೂ ಮುಟ್ಟಿರಲಿಲ್ಲವಂತೆ. ಮಗನಿಗೆ ಹೋಗುವ ತಂತಿ ಸುಳ್ಳಾಗಬಾರದು, ಸುಳ್ಳು ಹೇಳಿ ಕರೆಸಿದರೆ ಅವನಿಗೆ ಕೇಡಾದೀತು, ಸೀರಿಯಸ್ ಅಂದ ಮೇಲೆ ಸೀರಿಯಸ್ಸಾಗಿಯೇ ಇರಬೇಕು ಎಂದಳಂತೆ. ನನಗೆ ಅಲ್ಲೇ ಅಳು ಬಂತು. ಅಳುವನ್ನು ಯಾವ ಅಕ್ಷರದಲ್ಲಿ ಬರೆದರೂ ಅವತ್ತು ಸರಿಯಾಗುತ್ತಿತ್ತು. ಎದುರಿನ ಹೋಟೆಲಿನಲ್ಲಿ ಆಕೆ ಆರು ಇಡ್ಲಿ ತಿಂದಳು. ನಾಲ್ಕಾದ ಮೇಲೆ ಸೆಕ್ರೆಟರಿ ಎಣಿಸಿದನೆಂದು ಅವನನ್ನು ಬೈದಳು.

ಮರುದಿನದಿಂದ ಡೈರಿಯಲ್ಲಿ ಯಜಮಾನರ ತಂತ್ರವೇ ಬದಲಾಯಿತು. “ಕೆಳಗಿಂದ ಅತ್ತದೆ ಇನ್ನೇನ್ಲಾ ಮಾಡಾಕಾದದು? ಗಂಡಸಾದೋನು ಅತ್ತಬೇಕು!” ಈಗ ಸೆಕ್ರೆಟರಿ ಪಕ್ಷ ಬದಲಿಸಿ, “ಇಂದ್ಗಡೆಯಿಂದ ಓಗಬೌದಿತ್ತು” ಎಂದು ಕೆಣಕತೊಡಗಿದ. ಮೆದೆಯ ಸಗಣಿಯ ಮಾತನ್ನು ಯಜಮಾನರು ಪೂರ್ತಿ ಮರೆತುಬಿಟ್ಟರು.

ಯುದ್ಧ ಮುಗಿದು, ರಾಗಿ ಕೊಯ್ಲಿನ ಹೊತ್ತಿಗೆ ಹುಡುಗ ರಜದ ಮೇಲೆ ಬಂದ. ಸೊರಗಿದ್ದ, ಮುಖ ಕಪ್ಪಿಟ್ಟಿತ್ತು, ನಗು ಮಾತ್ರ ಹಳೆಯದೇ. ಡೈರಿಯ ಮುಂದೆ ಇಡೀ ಊರು ಅವನನ್ನು ಸುತ್ತುವರಿದು ಕೇಳಿತು, ಹಿಂದುಗಡೆಯಿಂದ ಯಾಕೆ ಹೋಗಲಿಲ್ಲ ಎಂದು. “ನಮ್ಮುನ್ನ ಯಾರು ಕೇಳ್ತರೆ? ಅತ್ತು ಅಂದ್ರು, ಅತ್ತುದ್ವಿ” ಎಂದ ಅವನು. ಜನ ನಕ್ಕರು. ಅವನ ತಾಯಿಯಂತೂ ನಾಗಮಂಗಲದ ಗೋಡೆಯ ಮುಂದೆ ನಾನು ಕುಣಿದದ್ದನ್ನು ಮಾಡಿ ತೋರಿಸಿದಳು. ಆ ಅಭಿನಯ ಅವತ್ತಿಗೆ ಊರಿನಲ್ಲಿ ಮೂವತ್ತನೇ ಸಲವೋ ಏನೋ.

ಸಂಜೆ ನನ್ನನ್ನು ಮನೆಯವರೆಗೆ ಬಿಡಲು ಅವನೇ ಬಂದ. ದಾರಿಯಲ್ಲಿ ನಾನು ನಾಚಿಕೆ ಬಿಟ್ಟು ಕ್ಷಮೆ ಕೇಳಿದೆ. “ನಿನ್ನ ಕಾಗದ ತಪ್ಪಾಗಿ ಓದಿಬಿಟ್ಟೆ ಕಣೋ. ಹತ್ತಿದವನನ್ನು ಅಳಿಸಿಬಿಟ್ಟೆ.”

ದಾರಿಗಡ್ಡ ಬಿದ್ದಿದ್ದ ಕಲ್ಲೊಂದನ್ನು ಅವನು ಕಾಲಿನಿಂದ ಬದಿಗೆ ಸರಿಸಿದ.

“ತಪ್ಪಾಗಿ ಓದ್ಲಿಲ್ಲ ಮಿಸ್. ನನ್ ಪಕ್ಕ ಅತ್ತಾ ಇದ್ದೋನು ಗುಂಡು ಬಿದ್ದು ಅರ್ಧದಲ್ಲೇ ಓಗ್ಬುಟ್ಟ. ಆಮೇಲೆ ತುದಿಗಂಟ ನಾನು ಅತ್ಕೊಂಡೇ ಅತ್ತಿದ್ದು.” ನನ್ನ ಗೇಟು ತೆಗೆದು ನಿಲ್ಲಿಸಿ, “ಅವ್ವಂಗೆ ಮಾತ್ರ ಬೆಟ್ಟ ಅತ್ತಿದ್ದೊಂದೇ ಯೋಳಿ” ಎಂದ.